ಚಮಚದ ಸಿಸ್ಟರ್

ಮೂವತ್ತೊಂದೋ ಮೂವತ್ತೇಳೋ, ಸರಿಯಾಗಿ ಕೇಳಿಸಲಿಲ್ಲ, ಕಿಟಕಿಯೊಳಗಿನವಳು ನಂಬರು ಕೂಗುವ ಹೊತ್ತಿಗೇ ನೆಲ ಒರೆಸುವಾಕೆ ಬಕೆಟ್ಟನ್ನು ದರದರನೆ ಎಳೆದಳು, ಇಬ್ಬರು ಎದ್ದರು, ಒಬ್ಬರು ಪೆಚ್ಚಾಗಿ ಮತ್ತೆ ಕೂತರು — ತನ್ನದು ನಲವತ್ತೆರಡು, ಇನ್ನೂ ಹೊತ್ತಿದೆ, ಅವಸರವೇನಿಲ್ಲ, ಅವಸರವೇನಿಲ್ಲ ಎಂದು ಹೇಳಿಕೊಳ್ಳುತ್ತಲೇ ಕೈಯಲ್ಲಿದ್ದ ಚೀಟಿಯ ನಂಬರನ್ನು ಮತ್ತೆ ಮತ್ತೆ ನೋಡಿಕೊಳ್ಳುತ್ತಿದ್ದಾಳೆ. ಈ ಫಿನಾಯಿಲ್ ವಾಸನೆ ಅವಳಿಗೆ ಹೊಸದಲ್ಲ, ಹನ್ನೊಂದು ವರ್ಷ ಇದೇ ವಾಸನೆಯಲ್ಲಿ ದುಡಿದವಳು, ಆದರೆ ಬೆಂಚಿನ ಈ ಕಡೆ ಕೂತು ಮೂಸಿದ್ದು ಇದೇ ಮೊದಲು, ಈ ಕಡೆ ಕೂತರೆ ಅದು ಮೂಗಿಗಲ್ಲ, ನೇರ ಹೊಟ್ಟೆಗೆ ಇಳಿಯುತ್ತದೆ. ಎರಡು ಬಸ್ಸು ಬದಲಿಸಿ ಊರಿನ ಈ ತುದಿಗೆ ಬಂದದ್ದು ಯಾಕೆ, ನಮ್ಮ ಕ್ಲಿನಿಕ್ಕಿನಲ್ಲಿ ರಕ್ತ ನೋಡೋ ಮಷಿನ್ ಕೆಟ್ಟಿದೆ ಅತ್ತೆ ಎಂದು ಬಾಯಿಗೆ ಬಂದದ್ದನ್ನು ಹೇಳಿದ್ದಳು, ಅತ್ತೆ ನಂಬಿದರು, ಅತ್ತೆ ಅವಳು ಹೇಳಿದ್ದನ್ನೆಲ್ಲ ನಂಬುತ್ತಾರೆ, ಅದೇ ಕಷ್ಟ. ಪಕ್ಕದಲ್ಲಿ ಕೂತಿದ್ದಾರೆ, ಮಡಿಲಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಸ್ಟೀಲ್ ಡಬ್ಬಿ, ಡಬ್ಬಿಯ ಸುತ್ತ ಬಿಸಿ ಆರದ ಹಾಗೆ ಟವೆಲ್ಲು. ತನ್ನ ತೊಡೆಯ ಮೇಲೆ ಮಗಳು ಗುಂಡಮ್ಮ, ಒಂಬತ್ತೂವರೆ ತಿಂಗಳು, ಹುಟ್ಟಿದ ದಿನ ಹೆರಿಗೆ ವಾರ್ಡಿನ ಆಯಾ ಎತ್ತಿಕೊಂಡು ಅಯ್ಯಪ್ಪಾ ಗುಂಡಮ್ಮ ಬಂದ್ಲು ಕಣ್ರೋ ಅಂದದ್ದೇ ಹೆಸರಾಗಿ ನಿಂತಿತು, ಈಗ ಆ ಹೆಸರು ಹಿಡಿದು ಕೂಗಿದರೆ ಜನ ಮಗುವನ್ನು ನೋಡಿ, ಆಮೇಲೆ ಅವಳನ್ನು ನೋಡಿ, ಸುಮ್ಮನಾಗುತ್ತಾರೆ. ಬೆರಳ ತುದಿಗೆ ಅಂಟಿಸಿದ ಹತ್ತಿಯನ್ನು ಮಗು ಕಿತ್ತು ನೋಡುತ್ತಿದೆ, ಲ್ಯಾಬಿನವನು ಚುಚ್ಚಿದಾಗ ಜೋರಾಗಿ ಅಳಲೂ ಇಲ್ಲ, ಒಂದು ಸಲ ಕೊಯ್ ಎಂದು ಬಿಟ್ಟಿತು, ಅಳುವುದಕ್ಕೂ ತ್ರಾಣ ಬೇಕಲ್ಲ — ಎಷ್ಟು ತಾಯಂದಿರಿಗೆ ಈ ಮಾತನ್ನು ತಾನೇ ಹೇಳಿಲ್ಲ, ಅಳದ ಮಗು ಜಾಣ ಮಗು ಅಂತ ಬೀಗಬೇಡ್ರಮ್ಮಾ, ಒಮ್ಮೊಮ್ಮೆ ಅದು ಸುಸ್ತಾಗಿರುತ್ತೆ.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಅವಳ ಕ್ಲಾಸು. ಇಂಜೆಕ್ಷನ್ನಿಗೆ ಬಂದ ತಾಯಂದಿರು ಉದ್ದನೆಯ ಬೆಂಚಿನಲ್ಲಿ ಒತ್ತೊತ್ತಾಗಿ ಕೂತಿರುತ್ತಾರೆ, ಅವಳು ಮುಂದೆ ಮೇಜಿನ ಹತ್ತಿರ ನಿಂತು, ಒಂದು ಬಟ್ಟಲು, ಒಂದು ಚಮಚ, ನೋಡಿ ಎಲ್ಲರೂ ಈ ಕಡೆ, ಆರು ತಿಂಗಳು ತುಂಬೋವರೆಗೂ ಎದೆಹಾಲು ಬಿಟ್ಟು ಇನ್ನೇನೂ ಬೇಡ, ನೀರೂ ಬೇಡ, ತುಂಬಿದ ಮೇಲೆ ಬರೀ ಹಾಲು ಸಾಕಾಗಲ್ಲ, ಹೊಟ್ಟೆಯಲ್ಲಿದ್ದಾಗ ನೀವು ಕೊಟ್ಟ ಕಬ್ಬಿಣದ ಅಂಶ ಆರು ತಿಂಗಳಿಗೆ ಖರ್ಚಾಗಿ ಹೋಗಿರುತ್ತೆ, ಮಗು ಕತ್ತು ನೆಟ್ಟಗೆ ನಿಲ್ಲಿಸುತ್ತಾ, ಆನಿಸಿ ಕೂರಿಸಿದ್ರೆ ಕೂರುತ್ತಾ, ನೀವು ತಿನ್ನೋದನ್ನ ಬಾಯಿ ಬಿಟ್ಟು ನೋಡುತ್ತಾ, ಹಾಗಾದ್ರೆ ಶುರು ಮಾಡಿ — ಆಮೇಲೆ ಆ ಚಮಚದ ಆಟ, ನುಣ್ಣಗೆ ಹಿಸುಕಿದ್ದನ್ನು ಚಮಚದಲ್ಲಿ ತೆಗೆದು ಎಲ್ಲರ ಮುಂದೆ ಓರೆ ಮಾಡಿ ಹಿಡಿಯುವುದು, ತೊಟ್ಟಿಕ್ಕಿದ್ರೆ ತೀರಾ ನೀರು, ನೀರು ಕುಡಿಸಿ ಹೊಟ್ಟೆ ತುಂಬಿಸಬೇಡಿ, ಹೀಗೆ ನಿಲ್ಲಬೇಕು, ನೋಡಿದ್ರಾ, ಬೀಳಲಿಲ್ಲ. ಹಾಗೆ ಅಂಟಿಕೊಂಡದ್ದು ಚಮಚದ ಸಿಸ್ಟರ್ ಎಂಬ ಹೆಸರು. ಕ್ಲಿನಿಕ್ಕಿನ ಫಾರ್ಮಸಿಸ್ಟು ನಗಾಡುತ್ತಿದ್ದ, ನೀವೊಬ್ರೇ ಕಣ್ರೀ ಈ ಆಫೀಸಿನಲ್ಲಿ ಯಾರ ಚಮಚಾನೂ ಆಗದೆ ಚಮಚ ಅನ್ನಿಸಿಕೊಂಡವರು, ಅವಳೂ ನಗುತ್ತಿದ್ದಳು, ಆ ಹೆಸರು ಇಷ್ಟವಾಗಿತ್ತು, ಬಸ್ಸಿನಲ್ಲಿ ಗುರುತೇ ಇಲ್ಲದ ಹೆಂಗಸರು ಮಕ್ಕಳಿಗೆ ತೋರಿಸಿ ನೋಡು ಚಮಚದ ಸಿಸ್ಟರ್ ಎಂದರೆ ಒಳಗೊಳಗೇ ಉಬ್ಬುತ್ತಿದ್ದಳು. ಕ್ಲಾಸಿನಲ್ಲಿ ಇನ್ನೊಂದು ಮಾತು, ಅದು ಕೊನೆಯಲ್ಲಿ, ದನಿ ತಗ್ಗಿಸಿ, ಮಗು ಒಮ್ಮೊಮ್ಮೆ ಓಕರಿಸುತ್ತೆ, ಮುಖ ಕೆಂಪಾಗುತ್ತೆ, ಕೆಮ್ಮುತ್ತೆ, ಹೆದರಬೇಡಿ, ಅದು ನುಂಗೋದನ್ನ ಕಲೀತಿದೆ, ಸದ್ದು ಬರ್ತಿದ್ರೆ ಉಸಿರು ಬರ್ತಿದೆ ಅಂತ ಅರ್ಥ, ಸದ್ದೇ ಇಲ್ಲದಿದ್ರೆ ಮಾತ್ರ ಅಪಾಯ — ಎಷ್ಟು ಸಲೀಸಾಗಿ ಬರುತ್ತಿತ್ತು ಬಾಯಿಂದ, ನೀರು ಕುಡಿದ ಹಾಗೆ.

ಆರು ತಿಂಗಳು ತುಂಬಿ ಮರುದಿನವೇ ಗುಂಡಮ್ಮನಿಗೂ ಶುರು ಮಾಡಿದ್ದಳು, ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಗಂಡ ರಜೆ ಹಾಕಿದ್ದ, ದೂರದೂರಿನ ಬಸ್ಸು ಓಡಿಸುವವನಿಗೆ ರಜೆ ಸಿಗುವುದೇ ಅಪರೂಪ, ಫೋನಿನಲ್ಲಿ ವಿಡಿಯೋ ತೆಗೆದ, ಮೊದಲ ಚಮಚ ಬಾಳೆಹಣ್ಣು, ಮಗು ಮುಖ ಹುಳಿ ಮಾಡಿತು, ಆಮೇಲೆ ತುಟಿ ಚಪ್ಪರಿಸಿತು, ಮನೆಯೆಲ್ಲ ನಗೆ. ಹತ್ತು ದಿನ ಎಲ್ಲ ಸರಿ. ಹನ್ನೊಂದನೆಯ ದಿನ ಕ್ಯಾರೆಟ್ಟು, ಅತ್ತೆ ಮೆತ್ತಗೆ ಬೇಯಿಸಿ ಕೊಟ್ಟಿದ್ದರು, ಹಿಸುಕಿದವಳು ತಾನೇ, ಡ್ಯೂಟಿಗೆ ಹೊತ್ತಾಯಿತೆಂದು ಅವಸರದಲ್ಲಿ ಹಿಸುಕಿದಳು, ಎಲ್ಲೋ ಒಂದು ಚೂರು ಗಟ್ಟಿ ಉಳಿದಿತ್ತು — ಬಾಯಿ ತೆರೆಯಿತು, ಕಣ್ಣಲ್ಲಿ ನೀರು, ಮುಖ ಕೆಂಪು, ನಾಲಗೆ ಮುಂದೆ, ಬಾಯಿ ತೆರೆದೇ ಇದೆ ಮತ್ತು ಅಲ್ಲಿಂದ ಏನೂ ಬರುತ್ತಿಲ್ಲ, ಒಂದು ಕ್ಷಣ, ಎರಡು, ಅವಳ ಕಿವಿಯೇ ಕಿವುಡಾಯಿತೋ ಅಥವಾ ನಿಜವಾಗಿ ಸದ್ದು ಇರಲಿಲ್ಲವೋ ಇವತ್ತಿಗೂ ಗೊತ್ತಿಲ್ಲ, ತಲೆಕೆಳಗಾಗಿ ಮುಂಗೈ ಮೇಲೆ ಹಾಕಿಕೊಂಡು ಬೆನ್ನಿಗೆ ಬಡಿದಳು, ಬಡಿಯುವುದು ಅವಳಿಗೆ ಗೊತ್ತು, ಕೈ ತಾನಾಗಿ ಮಾಡಿತು, ಚೂರು ನೆಲಕ್ಕೆ ಬಿತ್ತು, ಬಟಾಣಿಯ ಅರ್ಧದಷ್ಟೂ ಇಲ್ಲ, ಮಗು ಕೆಮ್ಮಿ, ಅತ್ತು, ಅರೆ ನಿಮಿಷದಲ್ಲಿ ಗೋಡೆಯ ಮೇಲಿನ ಗಡಿಯಾರ ನೋಡಿ ನಕ್ಕಿತು. ಮಗು ಮರೆಯಿತು. ಅವಳು ಮರೆಯಲಿಲ್ಲ. ಯಾಕೆಂದರೆ ಅವಳೊಳಗೆ ಇನ್ನೊಂದು ಮಗು ಇತ್ತು, ನರ್ಸಿಂಗ್ ಕಲಿಯುವ ದಿನಗಳದ್ದು, ತುರ್ತು ವಾರ್ಡಿನಲ್ಲಿ ಅವಳದು ಎರಡನೇ ವಾರ, ಬಾಗಿಲಲ್ಲಿ ಒಬ್ಬ ತಂದೆ ಓಡಿ ಬಂದು ಅವಳ ಕೈಗೇ ಇಟ್ಟದ್ದು, ಕಡಲೆಬೀಜ ಎಂದಷ್ಟೇ ಹೇಳಿದ್ದು, ಆ ಮಗುವಿನ ಬಾಯಿ ತೆರೆದಿತ್ತು, ಡಾಕ್ಟರು ಬರುವವರೆಗೂ ತೆರೆದಿತ್ತು, ಬಂದ ಮೇಲೂ ತೆರೆದೇ ಇತ್ತು. ಅದರ ಹೆಸರು ಕೂಡ ಅವಳಿಗೆ ತಿಳಿಯಲಿಲ್ಲ, ತಂದೆಯ ಅಂಗಿಯ ಗುಂಡಿ ಒಂದು ಕಿತ್ತಿತ್ತು, ಅದು ನೆನಪಿದೆ.

ಮರುದಿನ ಬಟ್ಟಲು ಹಿಡಿದು ರೂಮಿನ ಬಾಗಿಲು ಹಾಕಿಕೊಂಡಳು. ಚಮಚ ತುಟಿಯವರೆಗೆ ಹೋಯಿತು, ಮಗು ಬಾಯಿ ತೆರೆಯಿತು, ಇವಳ ಕೈ ವಾಪಸ್ಸು ಬಂತು, ಮತ್ತೆ ಹೋಯಿತು, ಮತ್ತೆ ಬಂತು, ನಾಳೆ ಕೊಟ್ಟರಾಯಿತು ಎಂದುಕೊಂಡಳು, ಒಂದು ದಿನ ತಪ್ಪಿದರೆ ಏನು ಮಹಾ, ಆದರೆ ಬಟ್ಟಲನ್ನು ಏನು ಮಾಡುವುದು, ಹೊರಗೆ ಅತ್ತೆ, ಬೆಳಗಿನ ಐದೂವರೆಗೆ ಎದ್ದು ಮೊಮ್ಮಗಳಿಗೆಂದು ಬೇರೆಯೇ ಪುಟ್ಟ ಪಾತ್ರೆಯಲ್ಲಿ ಬೇಯಿಸಿದವರು, ಚೆಲ್ಲಲು ಮನಸ್ಸು ಬರಲಿಲ್ಲ, ತಾನೇ ತಿಂದಳು. ಉಪ್ಪಿಲ್ಲ, ಸಕ್ಕರೆಯಿಲ್ಲ, ಹಾಕಬೇಡಿ ಎಂದು ಹೇಳಿದವಳೂ ತಾನೇ, ನಾಲ್ಕು ಚಮಚ, ಬಾಗಿಲು ತೆಗೆದಾಗ ಅತ್ತೆ ಬಟ್ಟಲಿನೊಳಗೆ ಇಣುಕಿ, ಅಯ್ಯೋ ನನ್ನ ಬಂಗಾರ, ಬಳಿದು ತಿಂದಿದೆಯಲ್ಲೇ — ಆ ಮುಖ ನೋಡಿ ಇಲ್ಲ ಅತ್ತೆ ಅನ್ನಬೇಕಿತ್ತು, ಎರಡೇ ಶಬ್ದ, ಅನ್ನಲಿಲ್ಲ. ನಾಳೆ ನಾಳೆ ಎಂದು ಮೂರು ತಿಂಗಳಾಯಿತು. ಕೆಲಸಕ್ಕೆ ಹೋಗುವ ಮುಂಚೆ ಒಂದು ಬಟ್ಟಲು, ಬಂದ ಮೇಲೆ ಒಂದು ಬಟ್ಟಲು. ಮಧ್ಯಾಹ್ನ ನಾನು ಉಣಿಸ್ತೀನಿ ಬಿಡೇ ಎಂದು ಅತ್ತೆ ಕೇಳಿದಾಗ ಏನು ಹೇಳಿದಳು, ಬೇಡ ಅತ್ತೆ, ಇಬ್ಬರು ಉಣಿಸಿದ್ರೆ ಮಗುಗೆ ಗೊಂದಲ ಆಗುತ್ತೆ, ಒಂದೇ ಕೈ ಅಭ್ಯಾಸ ಆಗ್ಬೇಕು, ಈಗೆಲ್ಲ ಹಾಗೇ ಹೇಳ್ತಾರೆ, ಹಗಲು ಬಾಟಲಿ ಹಾಲು ಕೊಡಿ ಸಾಕು — ಯಾರು ಹೇಳುತ್ತಾರೆ, ಯಾವ ಪುಸ್ತಕದಲ್ಲಿದೆ, ಮೈಮೇಲಿದ್ದ ಬಿಳಿ ಯೂನಿಫಾರಂ ಸುಳ್ಳು ಹೇಳಿತು, ಅತ್ತೆ ತಲೆಯಾಡಿಸಿ, ನೀನು ಓದಿದವಳಮ್ಮಾ, ನಿಂಗೆ ಗೊತ್ತಿರುತ್ತೆ, ನಾವೆಲ್ಲ ಕಣ್ಣಳತೆಯಲ್ಲಿ ಸಾಕಿದವ್ರು ಎಂದರು. ಅಷ್ಟೇ ಆಗಿದ್ದರೆ. ಬಟ್ಟಲು ಖಾಲಿಯಾಗಿ ಮಗುವಿನ ಬಾಯಿ ಒಣಗಿದ್ದರೆ ಅನುಮಾನ ಬರುತ್ತದಲ್ಲ, ಅದಕ್ಕೆ ಬೆರಳಿನಿಂದ ತುಸು ತೆಗೆದು ಮಗುವಿನ ಗಲ್ಲಕ್ಕೆ ಹಚ್ಚುತ್ತಿದ್ದಳು, ಕೊರಳಿಗೆ ಕಟ್ಟಿದ ಬಟ್ಟೆಗೆ ಎರಡು ಕಡೆ ಒರೆಸುತ್ತಿದ್ದಳು, ಸಹಜವಾಗಿ ಕಾಣಲಿ ಎಂದು ಮೂಗಿನ ತುದಿಗೂ ಒಂದು ಚುಕ್ಕೆ. ಕಳ್ಳರಿಗೂ ಇಷ್ಟು ಅಚ್ಚುಕಟ್ಟು ಇರುವುದಿಲ್ಲ. ಮತ್ತು ಮಗು ಆ ಚುಕ್ಕೆಯನ್ನು ನಾಲಗೆ ಚಾಚಿ ನೆಕ್ಕಲು ನೋಡುತ್ತಿತ್ತು, ಅದಕ್ಕೆ ಎಟುಕುತ್ತಿರಲಿಲ್ಲ, ಇವಳು ತಿನ್ನುವಾಗ ಇವಳ ಕೈಯನ್ನೇ ನೋಡುತ್ತಾ, ಚಮಚ ಮೇಲೆ ಹೋದರೆ ಕಣ್ಣು ಮೇಲೆ, ಕೆಳಗೆ ಬಂದರೆ ಕಣ್ಣು ಕೆಳಗೆ, ಬಾಯಿ ಅಗಲಿಸಿ — ನೋಡಲಾರದೆ ಅವಳು ತನ್ನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಮಗುವಿಗೆ ಬೆನ್ನು ಹಾಕಿ ಮಗುವಿನ ಊಟ ತಿಂದಳು. ಹೀಗೆ ಒಂದು ವಾಕ್ಯದಲ್ಲಿ ಅಂದುಕೊಂಡದ್ದು ಇವತ್ತೇ ಮೊದಲು, ಕಿವಿ ಬಿಸಿಯಾಯಿತು, ಎದುರಿನ ಬೆಂಚಿನವರಿಗೆ ಕೇಳಿಸಿತೇನೋ ಎಂಬಂತೆ ತಲೆ ಎತ್ತಿ ನೋಡಿದಳು.

ಮೂವತ್ತೆಂಟು, ಎಂದು ಕಿಟಕಿ ಕೂಗಿತು. ಅತ್ತೆ ಮಗುವಿನ ಕಣ್ಣಿನ ಕೆಳಗಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡುತ್ತಿದ್ದಾರೆ, ಹೋದ ವಾರವೂ ಹೀಗೇ ನೋಡಿ ಹೇಳಿದ್ದು ಅವರೇ, ಮಗು ಬಿಳಿಚಿಕೊಂಡಿದೆ ಕಣೇ, ಎರಡು ಹೊತ್ತು ಇಷ್ಟು ಚೆನ್ನಾಗಿ ತಿಂದ್ರೂ ಮೈಗೆ ಹತ್ತುತ್ತಿಲ್ಲ, ನನ್ನ ಅಡುಗೆಯಲ್ಲೇ ಏನೋ ಐಬು ಇರ್ಬೇಕು, ಜಾಸ್ತಿ ಬೇಯಿಸಿ ಸತ್ವ ಎಲ್ಲ ಕೆಡಿಸ್ತಿದ್ದೀನಾ, ಹೇಳು, ಬೇಜಾರೇನಿಲ್ಲ. ಆಮೇಲೆ ಕಾಳನ್ನು ನೆನೆಸಿ ಮೊಳಕೆ ಬರಿಸಿ ಬೇಯಿಸತೊಡಗಿದರು, ಮೊಟ್ಟೆಯ ಹಳದಿ ಕಲಸಿದರು, ಜರಡಿಯಲ್ಲಿ ಎರಡೆರಡು ಸಲ ಸೋಸಿದರು, ಮೊಣಕೈ ನೋವಿನ ಮುದುಕಿ, ಒಂದು ನಾರೂ ಉಳಿಯದ ಹಾಗೆ. ಅದೆಲ್ಲ ಇವಳ ಹೊಟ್ಟೆಗೇ ಬಂತು. ಅವಳ ಗಲ್ಲ ತುಂಬಿಕೊಂಡಿದೆ ಎಂದು ಗಂಡ ತಮಾಷೆ ಮಾಡಿದ, ಗುಂಡಮ್ಮ ನೀನಾ ಮಗುನಾ, ಯಾರು ದಪ್ಪ ಆಗ್ಬೇಕಿತ್ತು — ನಕ್ಕಳು, ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು. ಆದರೆ ಬುಧವಾರ ಹತ್ತು ಗಂಟೆಗೆ ದನಿ ಹಾಗೇ ಖಣಖಣ. ಒಂದು ಬುಧವಾರ ಒಬ್ಬ ಹೊಲಿಗೆಯವಳು, ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡಿಸಿಕೊಂಡು ಅಂಗಡಿಯಿಂದ ಓಡಿ ಬಂದವಳು, ನಾಲ್ಕು ತಿಂಗಳ ಮಗು, ಮಾತಿನ ಮಧ್ಯೆ ಅಜ್ಜಿ ಹೇಳಿದ್ರು ಅಂತ ಎರಡು ದಿನದಿಂದ ಗಂಜಿ ನೆಕ್ಕಿಸ್ತಿದ್ದೀನಿ ಸಿಸ್ಟರ್ ಎಂದುಬಿಟ್ಟಳು, ಅಷ್ಟೇ ಸಾಕಾಯಿತು, ಎದ್ದು ನಿಲ್ಲಿ, ಎದ್ದು ನಿಲ್ಲೀಮ್ಮಾ, ಎಲ್ಲರೂ ನೋಡ್ಲಿ, ನಾನಿಲ್ಲಿ ಗಂಟಲು ಹರ್ಕೊಳ್ಳೋದು ಯಾರಿಗೆ, ಗೋಡೆಗಾ, ಮಗುವಿನ ಹೊಟ್ಟೆ ಅಂದ್ರೆ ನಿಮ್ಮ ಅಜ್ಜಿ ಪ್ರಯೋಗ ಮಾಡೋ ಜಾಗನಾ, ತಾಯಿ ಆದ ಮೇಲೆ ಬುದ್ಧಿ ಸ್ವಲ್ಪ ಸ್ವಂತದ್ದು ಇರ್ಬೇಕು. ಬೆಂಚಿನ ತುಂಬ ಕಿಸಿಕಿಸಿ. ಹೊಲಿಗೆಯವಳು ಟೇಪಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ನಿಂತೇ ಇದ್ದಳು, ಕೂತ್ಕೊಳ್ಳಿ ಎಂದು ಹೇಳುವುದನ್ನೂ ಇವಳು ಮರೆತಿದ್ದಳು. ಅವತ್ತು ಬೆಳಿಗ್ಗೆಯೂ ಇವಳು ಮಗುವಿನ ಬಟ್ಟಲನ್ನು ಬಳಿದು ತಿಂದೇ ಬಂದದ್ದು, ಆಲೂಗಡ್ಡೆ, ಹಲ್ಲಿನ ಸಂದಿಯಲ್ಲಿ ಇನ್ನೂ ಇತ್ತು.

ಸಿಸ್ಟರ್! — ಯಾರನ್ನೋ ಇರಬೇಕು, ಇಲ್ಲಿ ನೂರು ಸಿಸ್ಟರುಗಳು — ಚಮಚದ ಸಿಸ್ಟರ್, ನೀವೇ ಅಲ್ವಾ! ಅವಳೇ, ಕೊರಳಲ್ಲಿ ಇವತ್ತು ಟೇಪಿಲ್ಲ, ಸೊಂಟದ ಮೇಲೆ ಮಗು, ತುಂಬಿದ ತೋಳು, ಮಣಿಕಟ್ಟಿನಲ್ಲಿ ದಾರ ಕಟ್ಟಿದ ಹಾಗೆ ಗೆರೆ. ನಮ್ಮ ಅಕ್ಕ ಇಲ್ಲಿ ಅಡ್ಮಿಟ್ ಆಗಿದ್ದಾಳೆ ಸಿಸ್ಟರ್, ನೋಡೋಕೆ ಬಂದೆ, ನೀವೇನು ಈ ಕಡೆ, ಡ್ಯೂಟಿನಾ, ಅಯ್ಯೋ ಇದು ನಿಮ್ಮ ಮಗುನಾ, ಎಷ್ಟು ತಿಂಗಳು, ಐದಾ? ಒಂಬತ್ತೂವರೆ ಎಂದರು ಅತ್ತೆ. ಹೊಲಿಗೆಯವಳ ಕಣ್ಣು ಒಂದು ಸಲ ಮಗುವನ್ನು ಅಳೆಯಿತು, ತೋಳು, ಎದೆ, ಸೊಂಟ, ಅಳತೆ ಅವಳ ಕಸುಬು, ತಪ್ಪುವುದಿಲ್ಲ, ಆಮೇಲೆ ಮರ್ಯಾದೆಗೆ ಬೇರೆ ಕಡೆ ನೋಡಿತು. ಪಕ್ಕದಲ್ಲೇ ಕೂತಳು. ಅತ್ತೆಗೆ ಹೇಳುತ್ತಿದ್ದಾಳೆ, ನಿಮ್ಮ ಸೊಸೆ ಅವತ್ತು ನಂಗೆ ಸರಿಯಾಗಿ ಬೈದ್ರು ನೋಡಿ ಅಮ್ಮಾ, ಮನೆಗೆ ಹೋಗಿ ಅತ್ತುಬಿಟ್ಟೆ, ಆಮೇಲೆ ಗಂಜಿ ನಿಲ್ಲಿಸ್ದೆ, ಆರು ತುಂಬಿದ ಮೇಲೆ ಅವರು ಹೇಳಿದ ಹಾಗೇ ಶುರು ಮಾಡ್ದೆ, ಈಗ ಇಪ್ಪತ್ತು ದಿನ ಆಯ್ತು, ಬೈದಿದ್ದು ಒಳ್ಳೇದೇ ಆಯ್ತು ಬಿಡಿ. ಅತ್ತೆಯ ಬೆನ್ನು ನೆಟ್ಟಗಾಯಿತು, ನಮ್ಮವಳು ಹಾಗೇ ಕಣಮ್ಮಾ, ಮಕ್ಕಳ ವಿಷಯಕ್ಕೆ ಬಂದ್ರೆ ಯಾರ ಮುಖಾನೂ ನೋಡಲ್ಲ. ನೆಲ ಬಿರಿದು ನುಂಗಬಾರದೇ, ನೆಲ ಒರೆಸುವಾಕೆ ಈಗಷ್ಟೇ ಒರೆಸಿ ಹೋಗಿದ್ದಾಳೆ, ಗಟ್ಟಿಯಾಗಿದೆ, ಒದ್ದೆಯಾಗಿ ಹೊಳೆಯುತ್ತಿದೆ. ಹೊಲಿಗೆಯವಳು ಬ್ಯಾಗಿನಿಂದ ಒಂದು ಡಬ್ಬಿ ತೆಗೆದಳು, ಕಿತ್ತಳೆ ಬಣ್ಣ, ಕುಂಬಳಕಾಯಿ ಇರಬೇಕು, ಚಮಚವನ್ನು ಓರೆ ಮಾಡಿ ಹಿಡಿದು, ಇವಳ ಕಡೆ ನೋಡಿ ನಕ್ಕಳು, ಬೀಳಲಿಲ್ಲ ನೋಡಿ ಸಿಸ್ಟರ್, ಪಾಸಾ? ಒಂದು ಚಮಚ, ಎರಡು, ಮೂರನೆಯದಕ್ಕೆ ಆ ಮಗು ಕತ್ತು ಮುಂದೆ ಚಾಚಿ ಗ್ಹಕ್ ಎಂದಿತು, ಮುಖ ಕೆಂಪಾಯಿತು, ಇವಳು ಬೆಂಚಿನಿಂದ ಅರ್ಧ ಎದ್ದಿದ್ದಳು, ಹೊಲಿಗೆಯವಳು ಅಲುಗಲಿಲ್ಲ, ಕಣ್ಣು ಮಗುವಿನ ಮೇಲೆ, ಕೈ ಮಡಿಲಲ್ಲಿ, ಮಗು ಕೆಮ್ಮಿತು, ನುಂಗಿತು, ಮತ್ತೆ ಬಾಯಿ ಬಿಟ್ಟಿತು. ಸದ್ದು ಬರ್ತಿದ್ರೆ ಉಸಿರು ಬರ್ತಿದೆ ಅಂತ ನೀವೇ ಹೇಳಿದ್ದಲ್ವಾ, ಮೊದಮೊದಲು ನನ್ನ ಜೀವಾನೇ ಹೋಗ್ತಿತ್ತು, ನಿಮ್ಮ ಮಾತು ನೆನೆಸ್ಕೊಂಡು ಹಲ್ಲು ಕಚ್ಚಿ ಕೂರ್ತಿದ್ದೆ. ಗುಂಡಮ್ಮ ಇವಳ ತೊಡೆಯಿಂದ ಪಕ್ಕಕ್ಕೆ ಬಾಗಿದೆ, ಆ ಚಮಚ ಮೇಲೆ ಹೋದರೆ ಕಣ್ಣು ಮೇಲೆ, ಬಾಯಿ ಇಷ್ಟಗಲ. ಅಯ್ಯೋ ಹಸಿದಿದೆ ಕಣೇ ಎಂದು ಅತ್ತೆ ಟವೆಲ್ಲು ಬಿಚ್ಚತೊಡಗಿದರು, ಬೇಡ ಅತ್ತೆ, ರಿಪೋರ್ಟ್ ಬರ್ಲಿ, ಡಾಕ್ಟರು ನೋಡ್ಲಿ, ಆಮೇಲೆ — ದನಿ ತನ್ನದೇ ಅನ್ನಿಸಲಿಲ್ಲ, ಮಗುವಿನ ಮುಖವನ್ನು ತನ್ನ ಎದೆಯ ಕಡೆ ತಿರುಗಿಸಿ ಒತ್ತಿ ಹಿಡಿದಳು, ಬಟ್ಟೆಯ ಮೂಲಕ ಆ ಬಾಯಿ ತೆರೆದಿರುವುದು ಒದ್ದೆಯಾಗಿ ಗೊತ್ತಾಗುತ್ತಿತ್ತು. ನಲವತ್ತೆರಡು.

ಡಾಕ್ಟರಮ್ಮನಿಗೆ ವಯಸ್ಸಾಗಿತ್ತು, ಕನ್ನಡಕವನ್ನು ಹಣೆಗೇರಿಸಿ ರಿಪೋರ್ಟನ್ನು ಮೂಗಿನ ಹತ್ತಿರ ಹಿಡಿದು ಓದಿದರು, ಹಿಮೋಗ್ಲೋಬಿನ್ ಏಳು ಪಾಯಿಂಟ್ ಎಂಟು, ಹನ್ನೊಂದರ ಮೇಲೆ ಇರ್ಬೇಕಿತ್ತು, ಇವಳಿಗೆ ಯಾರೂ ಹೇಳಬೇಕಿರಲಿಲ್ಲ, ಕಾರ್ಡಿನಲ್ಲಿ ತೂಕದ ಗೆರೆ ಕೂಡ ಮೂರು ತಿಂಗಳಿಂದ ಏರದೆ ಮಲಗಿದೆ, ಅದೂ ಗೊತ್ತು. ಏನೇನು ತಿನ್ನುತ್ತೆ ಮಗು? ಅತ್ತೆ ಕುರ್ಚಿಯ ತುದಿಗೆ ಸರಿದರು, ಪಾಠ ಒಪ್ಪಿಸುವ ಮಗುವಿನ ಹಾಗೆ ಬೆರಳು ಮಡಿಸುತ್ತಾ, ಬೆಳಿಗ್ಗೆ ಕಾಳು ಅರೆದದ್ದು ಡಾಕ್ಟ್ರೇ, ಇಲ್ಲಾ ಮೊಟ್ಟೆ ಹಳದಿ, ಸಂಜೆ ತರಕಾರಿ, ಸೊಪ್ಪು ಹಾಕ್ತೀನಿ, ಒಂದು ಅಗುಳು ಬಿಡಲ್ಲ, ಬಟ್ಟಲು ತೊಳೆಯೋದೇ ಬೇಡ, ಹಾಗೆ ತಿನ್ನುತ್ತೆ. ಎಷ್ಟು ದಿನದಿಂದ? ಮೂರು ತಿಂಗಳು. ಡಾಕ್ಟರಮ್ಮ ಕನ್ನಡಕ ಇಳಿಸಿದರು, ಹುಬ್ಬು ಗಂಟಿಕ್ಕಿತು, ಇಷ್ಟು ತಿನ್ನೋ ಮಗುಗೆ ಈ ರಿಪೋರ್ಟ್ ಬರಬಾರ್ದಲ್ಲಮ್ಮಾ, ಎಲ್ಲೋ ಒಳಗೆ ರಕ್ತ ಸೋರ್ತಿದೆಯಾ, ಇಲ್ಲಾ ರಕ್ತಾನೇ ಸರಿಯಾಗಿ ತಯಾರಾಗ್ತಿಲ್ವಾ, ನೋಡಲೇಬೇಕು, ಅಡ್ಮಿಟ್ ಮಾಡಿ, ಇವತ್ತೇ, ಕೈಯಿಂದ ಇನ್ನಷ್ಟು ರಕ್ತ ತೆಗೀಬೇಕಾಗುತ್ತೆ, ಇನ್ನೂ ಒಂದೆರಡು ಟೆಸ್ಟು, ಚಿಕ್ಕ ಮಗು, ಸ್ವಲ್ಪ ನೋವಾಗುತ್ತೆ — ಪೆನ್ನು ಚೀಟಿಯ ಮೇಲೆ ಓಡತೊಡಗಿತು. ಅತ್ತೆಯ ಕೈ ಇವಳ ಮೊಣಕೈಯನ್ನು ಹಿಡಿದುಕೊಂಡಿತು, ದೇವರೇ, ನಾನೇ ಏನಾದ್ರೂ ಕೊಡಬಾರದ್ದು ಕೊಟ್ಟೆನಾ ಡಾಕ್ಟ್ರೇ. ಸುಮ್ಮನಿದ್ದರೂ ಆಗುತ್ತದೆ, ಟೆಸ್ಟುಗಳೆಲ್ಲ ಸರಿ ಬರುತ್ತವೆ, ಔಷಧಿ ಕೊಡುತ್ತಾರೆ, ಯಾರಿಗೂ ತಿಳಿಯುವುದಿಲ್ಲ — ಈ ಯೋಚನೆ ಬಂತು, ಬರಲಿಲ್ಲ ಎಂದು ಹೇಳಿಕೊಳ್ಳುವ ಹಾಗಿಲ್ಲ, ಬಂತು, ಮಗುವಿನ ಮುಂಗೈಯ ನರ ಹುಡುಕಿ ಸಿಗದೆ ನಾಲ್ಕು ಕಡೆ ಚುಚ್ಚುವುದು ಹೇಗೆಂದು ಗೊತ್ತಿದ್ದವಳಿಗೂ ಬಂತು, ಒಂದು ಉಸಿರಿನಷ್ಟು ಹೊತ್ತು ಅದು ಒಳಗೆ ಕೂತಿತ್ತು. ಆಮೇಲೆ ಇವಳ ಬಾಯಿ ತೆರೆಯಿತು, ತಿನ್ನಲ್ಲ ಡಾಕ್ಟ್ರೇ. ಏನು? ಮಗು ಏನೂ ತಿನ್ನಲ್ಲ, ಬರೀ ಹಾಲು, ಆ ಬಟ್ಟಲು ನಾನು ತಿಂತಿದ್ದೆ. ಪೆನ್ನು ನಿಂತಿತು. ಮೊಣಕೈ ಮೇಲಿನ ಕೈ ಹಾಗೇ ಇತ್ತು, ಹಿಡಿತ ಮಾತ್ರ ಹೋಗಿತ್ತು. ಒಂದು ಸಲ ಸಿಕ್ಕಿಕೊಂಡಿತ್ತು, ಆಮೇಲೆ ನಂಗೆ ಕೊಡೋಕೇ ಆಗ್ಲಿಲ್ಲ, ಕೊಟ್ಟೆ ಅಂತ ಹೇಳ್ದೆ. ಏನು ಕೆಲಸ ಮಾಡ್ತೀರಮ್ಮಾ? ಇದೊಂದು ಕೇಳದಿರಲಿ ಎಂದು ಎರಡು ಬಸ್ಸು ಹತ್ತಿ ಬಂದದ್ದು. ನರ್ಸು, ಮಕ್ಕಳ ಕ್ಲಿನಿಕ್ಕಲ್ಲಿ, ತಾಯಂದಿರಿಗೆ — ಉಣಿಸೋದು ಹೇಳ್ಕೊಡ್ತೀನಿ. ಡಾಕ್ಟರಮ್ಮ ನಗಲಿಲ್ಲ, ಬೈಯಲೂ ಇಲ್ಲ, ಬೈದಿದ್ದರೆ ಚೆನ್ನಾಗಿತ್ತು, ಎದ್ದು ನಿಲ್ಲೀಮ್ಮಾ ಎಂದು ಎಲ್ಲರೆದುರು ನಿಲ್ಲಿಸಿದ್ದರೆ ಇನ್ನೂ ಚೆನ್ನಾಗಿತ್ತು. ಬರೆದ ಚೀಟಿಯನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದರು, ಹೊಸದು ತೆಗೆದರು, ಸದ್ಯ ಬಾಯಿ ಬಿಟ್ರಲ್ಲ, ಮಗುನ ಸುಮ್ಮನೆ ಚುಚ್ಚಿ ಹಾಕ್ತಿದ್ವಿ, ಕಬ್ಬಿಣದ ಹನಿ ಔಷಧಿ ಬರ್ಕೊಡ್ತೀನಿ, ತಿಂಗಳು ಬಿಟ್ಟು ಮತ್ತೆ ರಕ್ತ ನೋಡೋಣ, ಆದ್ರೆ ಊಟ ಇವತ್ತಿಂದ, ಮನೆಗೆ ಹೋಗಿ ಅಲ್ಲ, ಇಲ್ಲೇ ಹೊರಗೆ ಕೂತು ಕೊಡಿ, ನಮ್ಮವರೆಲ್ಲ ಇದ್ದಾರೆ, ಏನಾದ್ರೂ ಆದ್ರೆ ನಾನೇ ಓಡಿ ಬರ್ತೀನಿ, ಹೋಗಿ.

ಅದೇ ಬೆಂಚು. ಅತ್ತೆ ಟವೆಲ್ಲು ಬಿಚ್ಚಿದರು, ಮಡಿಸಿದರು, ಮತ್ತೆ ಬಿಚ್ಚಿ ಇನ್ನೊಂದು ರೀತಿ ಮಡಿಸಿದರು. ಅತ್ತೆ, ಎಂದಳು, ಏನಾದ್ರೂ ಅನ್ನಿ. ಏನನ್ನಲಿ, ಎಂದರು, ಡಬ್ಬಿಯನ್ನೇ ನೋಡುತ್ತಾ, ಉಪ್ಪಿಲ್ಲ ಖಾರ ಇಲ್ಲ, ಮೂರು ತಿಂಗಳು ಹೇಗೆ ತಿಂದ್ಯೇ ಅದನ್ನ — ನಗುತ್ತಿದ್ದಾರೆಂದು ತಲೆ ಎತ್ತಿದರೆ ಕಣ್ಣು ತುಂಬಿದೆ — ನಾನು ಜರಡಿ ಹಿಡಿದದ್ದೇ ಹಿಡಿದದ್ದು, ನನ್ನ ಕೈಯೇ ಸರಿ ಇಲ್ಲ ಅಂತ ಎಷ್ಟು ದಿನ ಕೊರಗಿದ್ದೀನಿ ಗೊತ್ತಾ ನಿಂಗೆ, ಹೆದರಿಕೆ ಆಗುತ್ತೆ ಅತ್ತೆ ಅಂತ ಒಂದು ಮಾತು ಅಂದಿದ್ರೆ, ನಂಗೂ ಮೊದಲನೇದಕ್ಕೆ ಹೆದರಿಕೆ ಇತ್ತಲ್ಲೇ, ನಾನೇನು ಹುಲಿನಾ ಕರಡಿನಾ. ಸೆರಗಿನಿಂದ ಮೂಗು ಒರೆಸಿಕೊಂಡರು. ಚಮಚ ತೆಗೆದರು, ತಾವೇ ಕೊಡುತ್ತಾರೇನೋ ಎಂದು ಅವಳೊಳಗೆ ಒಂದು ಹೇಡಿ ಆಸೆ ತಲೆಯೆತ್ತಿತು, ಕೊಡಲಿ, ಅವರೇ ಕೊಡಲಿ, ಅತ್ತೆ ಚಮಚವನ್ನು ಅವಳ ಕೈಗೆ ಇಟ್ಟು ಅವಳ ಬೆರಳುಗಳನ್ನು ಒಂದೊಂದಾಗಿ ಮಡಿಸಿದರು. ಹೊಲಿಗೆಯವಳು ಅಕ್ಕನ ವಾರ್ಡಿಗೆ ಹೋಗದೆ ಅಲ್ಲೇ ಇದ್ದಾಳೆ, ಎಷ್ಟು ಕೇಳಿಸಿಕೊಂಡಳೋ, ಎಲ್ಲವನ್ನೂ ಇರಬೇಕು, ಮುಖ ತಗ್ಗಿಸಿ ತನ್ನ ಮಗುವಿನ ಗುಂಡಿ ಹಾಕುತ್ತಿದ್ದಾಳೆ, ಹಾಕಿದ ಗುಂಡಿಯನ್ನೇ ಮತ್ತೆ ಹಾಕುತ್ತಿದ್ದಾಳೆ. ಅವತ್ತು ನಿಮ್ಮನ್ನ ಹಾಗೆ ನಿಲ್ಲಿಸಬಾರದಿತ್ತು, ಎಂದಳು ಇವಳು, ಆಕೆಯ ಕಡೆ ತಿರುಗಿ, ನಂಗೇ — ನಾನೇ ಅವತ್ತು — ಬಿಡಿ ಸಿಸ್ಟರ್, ಎಂದಳು ಹೊಲಿಗೆಯವಳು, ಬೇರೆ ಏನನ್ನೂ ಕೇಳದೆ ಈ ಕಡೆ ಸರಿದು ಕೂತಳು, ಭುಜಕ್ಕೆ ಭುಜ ತಾಗುವಷ್ಟು, ಸದ್ದು ಬಂದ್ರೆ ಉಸಿರಿದೆ ಅಂತ ಅರ್ಥ, ನಾನು ಕೇಳಿಸ್ಕೊಳ್ತಾ ಇರ್ತೀನಿ, ನೀವು ಕೊಡಿ. ಡಬ್ಬಿಯಲ್ಲಿ ಕಾಳು ಅರೆದದ್ದು, ಬೆಚ್ಚಗಿದೆ, ಚಮಚ ಓರೆಯಾಗುತ್ತಿದೆ, ಓರೆ ಮಾಡುತ್ತಿಲ್ಲ, ಕೈ ನಡುಗಿ ತಾನಾಗಿ ಓರೆಯಾಗುತ್ತಿದೆ, ತುಟಿಗೆ ತಾಗಿತು, ಒಳಗೆ ಹೋಯಿತು, ಮಗುವಿನ ಹುಬ್ಬು ಮೇಲೇರಿತು, ಇದೇನಿದು, ನಾಲಗೆ ಅರ್ಧವನ್ನು ಹೊರಗೆ ತಳ್ಳಿತು, ಗಲ್ಲದ ಮೇಲೆ ಇಳಿಯಿತು, ಅಲ್ಲೇ, ಅವಳು ಬೆರಳಿನಿಂದ ಹಚ್ಚುತ್ತಿದ್ದ ಜಾಗದಲ್ಲೇ, ಈಗ ತಾನಾಗಿ — ಗ್ಹಕ್ ಎಂದಿತು ಮಗು, ಮುಖ ಕೆಂಪು, ಕಣ್ಣಲ್ಲಿ ನೀರು, ಬಂತು, ಅದೇ ಬಂತು, ಎತ್ತಿ ಮಗುಚಬೇಕು, ಬಾಗಿಲಲ್ಲಿ ಯಾರೋ ಓಡಿ ಬರುತ್ತಿದ್ದಾರೆ, ಇಲ್ಲ ಯಾರೂ ಇಲ್ಲ, ಬಾಗಿಲು ಖಾಲಿ, ಕೇಳಿಸ್ತಿದೆ ಸಿಸ್ಟರ್, ಕೆಮ್ಮು ಕೇಳಿಸ್ತಿದೆ, ಕೈ ಮಡಿಲಲ್ಲಿರಲಿ, ಅತ್ತೆಯ ಅಂಗೈ ಅವಳ ಬೆನ್ನ ಮೇಲೆ, ಒಂದು, ಎರಡು, ಮಗು ನುಂಗಿತು. ಗಂಟಲಲ್ಲಿ ಅದು ಇಳಿದದ್ದು ಹೊರಗಿನಿಂದ ಕಂಡಿತು, ಒಂದು ಸಣ್ಣ ಅಲೆ. ಮಗು ಅವಳನ್ನು ನೋಡಿತು. ದೂರು ಇಲ್ಲ, ಸಿಟ್ಟಿಲ್ಲ, ತೊಂಬತ್ತು ದಿನ ಎರಡೆರಡು ಹೊತ್ತು ಕೇಳಿ ಸಿಗದೆ ಹೋದದ್ದರ ನೆನಪು ಅದಕ್ಕಿಲ್ಲ, ನೆನಪೆಲ್ಲ ಇವಳದೇ, ಅದಕ್ಕೆ ಬೇಕಾದದ್ದು ಇನ್ನೊಂದು ಚಮಚ ಅಷ್ಟೇ, ಎರಡು ಹಲ್ಲು ಬಂದಿದೆ ಕೆಳಗೆ, ಅಕ್ಕಿಕಾಳಿನಷ್ಟು, ಇವಳು ನೋಡಿಯೇ ಇರಲಿಲ್ಲ, ಯಾವಾಗ ಬಂತು, ಗೋಡೆಯ ಕಡೆ ಕೂತಿದ್ದವಳಿಗೆ ಹೇಗೆ ಕಾಣಬೇಕು, ಎರಡು ಹಲ್ಲು, ಒದ್ದೆ ನಾಲಗೆ, ಅವಳ ಕಡೆಗೇ, ಬೇರೆ ಯಾರ ಕಡೆಗೂ ಅಲ್ಲ, ತೆರೆದ ಬಾಯಿ, ಕೊಡಿ ಸಿಸ್ಟರ್ ಎನ್ನುತ್ತಿದ್ದಾಳೆ ಪಕ್ಕದವಳು, ಕೊಡೇ ಎನ್ನುತ್ತಿದ್ದಾರೆ ಅತ್ತೆ, ತೆರೆದ ಬಾಯಿ, ಕಾಯುತ್ತಿರುವ, ತೆರೆದ ಬಾಯಿ